ಬೆನ್ನು ಬಿಡಿಸಲು ಬಾರದವನ ಚಿತ್ರಕಥೆ

ನನ್ನ ಮೇಜಿನ ಮೇಲೆ ಒಂದು ಬಿದಿರಿನ ಪಟ್ಟಿ ಇದೆ. ಮಗ್ಗದ ಮೇಲೆ ನೇಯ್ದ ಬಟ್ಟೆ ಒಳಕ್ಕೆ ಜಗ್ಗಿಕೊಂಡು ಅಗಲ ಕಡಿಮೆಯಾಗದ ಹಾಗೆ, ಈ ಅಂಚಿನಿಂದ ಆ ಅಂಚಿಗೆ ಬಿಗಿದು ನಿಲ್ಲಿಸಲು ಅಪ್ಪ ಇದನ್ನು ಬಳಸುತ್ತಿದ್ದ. ಅರ್ಧ ಮುರಿದು ಹೋಗಿದೆ. ಉಳಿದರ್ಧ ಆಸ್ತಿಯ ಪಾಲಿನಲ್ಲಿ ನನಗೆ ಬಂತು. ಅದರ ಬಗ್ಗೆ ನನ್ನ ತಮ್ಮ ಯಾವ ತಕರಾರನ್ನೂ ತೆಗೆಯಲಿಲ್ಲ. ಇಷ್ಟು ವರ್ಷ ಬೆನ್ನು ತುರಿಸಿಕೊಳ್ಳಲು ಚೆನ್ನಾಗಿ ಉಪಯೋಗವಾಯಿತು. ಈಗ ಇದನ್ನಿಟ್ಟುಕೊಂಡು ನಾನು ಚಿತ್ರಕಥೆಯ ಚೌಕಟ್ಟುಗಳನ್ನು ಎಳೆಯುತ್ತೇನೆ.

ಇಷ್ಟು ವರ್ಷ ಬಾಗಿಯೇ ಬಾಳಿದ ಬಿದಿರನ್ನು ಈಗ ನೆಟ್ಟಗಾಗು ಅಂದರೆ ಹೇಗೆ ಆದೀತು? ನನ್ನ ಚೌಕಟ್ಟುಗಳೆಲ್ಲ ಒಂದು ಬದಿಗೆ ಉಬ್ಬಿರುತ್ತವೆ.

"ಏನ್ರೀ ಇವು, ಪೂರಿ ಉಬ್ಬಿದಂಗ ಉಬ್ಬ್ಯಾವಲ್ಲ?" ಎಂದಳು ನನ್ನ ಹೆಂಡತಿ ಗಿರಿಜಾ. ಆಕೆ ಅಬ್ಬಿಗೇರಿಯವಳು, ಕಪ್ಪು ಎರಿಮಣ್ಣಿನ ಹೊಲದ ಮನೆತನ. ಬಿತ್ತಿದ ಸಾಲು ನೆಟ್ಟಗಿರದಿದ್ದರೆ ಅವರ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. "ಗಣಿತದ ಮಾಸ್ತರು ನೀವು. ಒಂದು ಗೀಟು ಸೈತ ನೆಟ್ಟಗ ಬರೂದಿಲ್ಲೇನು?"

ಆದರೆ ನನ್ನ ಗುರು ಅದನ್ನು 'ಶೈಲಿ' ಎಂದು ಕರೆದಿದ್ದಾಳೆ. ಐವತ್ತೆರಡು ವರ್ಷದ ಆಯುಷ್ಯದಲ್ಲಿ ನನಗೊಂದು ಶೈಲಿ ಇದೆ ಎಂದು ಹೇಳಿದವರು ಬೇರೆ ಯಾರೂ ಇಲ್ಲ. ಹಾಗಾಗಿ ಶಾಲೆಯಿಂದ ತಂದ ಸ್ಟೀಲಿನ ಅಡಿಪಟ್ಟಿ ಪಕ್ಕದಲ್ಲೇ ಬಿದ್ದಿದ್ದರೂ ನಾನು ಬಿದಿರನ್ನು ಬಿಟ್ಟಿಲ್ಲ.

ಗುರುವಿನ ಹೆಸರು ಅನನ್ಯಾ. ಮೈಸೂರಿನವಳು, ನನ್ನ ಮಗಳಿಗಿಂತ ಚಿಕ್ಕವಳು. ಪ್ರತಿ ಶನಿವಾರ ಸಂಜೆ ಮೊಬೈಲಿನೊಳಗೆ ಬಂದು ಚಿತ್ರಕಥೆ ಹೇಳುವ ಕಲೆ ಕಲಿಸುತ್ತಾಳೆ. ನನ್ನ ಸಹಪಾಠಿಗಳೆಲ್ಲ ಕಾಲೇಜು ಹುಡುಗ ಹುಡುಗಿಯರು. ಅವರ ಚಿತ್ರಗಳಲ್ಲಿ ಜನ ಹಾರುತ್ತಾರೆ, ಕಟ್ಟಡ ಕೆಡವುತ್ತಾರೆ, ಕಣ್ಣಿನಿಂದ ಬೆಂಕಿ ಬಿಡುತ್ತಾರೆ. ನನ್ನ ಚಿತ್ರಗಳಲ್ಲಿ ಜನ ಬೆಂಚಿನ ಮೇಲೆ ಕುಳಿತಿರುತ್ತಾರೆ. ಮೊದಲ ದಿನ ಅವರು ನನ್ನನ್ನು ಯಾರದೋ ತಂದೆ ಎಂದು ತಿಳಿದು, ಮಗನನ್ನು ಕರೆಯುವಂತೆ ವಿನಯದಿಂದ ಕೇಳಿಕೊಂಡರು.

ನರಗುಂದದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಸುದ್ದಿ ಹರಡಿದಾಗ, "ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕಾಗಿತ್ರಿ ಸರ?" ಎಂದು ಎಲ್ಲರೂ ಕೇಳಿದರು. ಟೈಮ್‌ಪಾಸ್ ಎಂದು ಹೇಳಿ ಚಹಾ ಕುಡಿದೆ. ಕಾರಣ ಬೇರೆಯೇ ಇತ್ತು, ನಿಮಗೆ ಹೇಳಲು ಅಡ್ಡಿಯಿಲ್ಲ. ಕಾರಣ ನಮ್ಮ ಅವ್ವ.

ಅವ್ವ ಗಜೇಂದ್ರಗಡದಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಸಹಿ ಮಾಡುವುದನ್ನು ಯಾರೋ ಕಲಿಸಿದ್ದರು. ಅದನ್ನು ಆಕೆ ರಂಗೋಲಿ ಹಾಕಿದ ಹಾಗೆ ನಿಧಾನವಾಗಿ ಹಾಕುತ್ತಾಳೆ, ಮುಗಿದ ಮೇಲೆ ದೂರ ಹಿಡಿದು ನೋಡುತ್ತಾಳೆ. ನಾನು ಎಷ್ಟೋ ವರ್ಷಗಳಿಂದ ಪತ್ರಿಕೆಗಳಿಗೆ ಹೀಗೆ ಅಡ್ಡಾದಿಡ್ಡಿ ಬರೆಯುತ್ತ ಬಂದವನು. ಅಚ್ಚಾದಾಗಲೆಲ್ಲ ಪತ್ರಿಕೆ ಹಿಡಿದುಕೊಂಡು, ರೋಣದಲ್ಲಿ ಬಸ್ಸು ಬದಲಿಸಿ, ಗಜೇಂದ್ರಗಡಕ್ಕೆ ಓಡುತ್ತೇನೆ. ಅವ್ವ ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾಳೆ. ಅದರಲ್ಲಿರುವ ನನ್ನ ಫೋಟೋ ನೋಡುತ್ತಾಳೆ.

"ತಮ್ಮಾ, ಕೂದಲ ಭಾಳ ಉದುರ್ಯಾವಲ್ಲೋ."

ಅಲ್ಲಿಗೆ ಸಾಹಿತ್ಯ ವಿಮರ್ಶೆ ಮುಗಿಯುತ್ತದೆ. ಪತ್ರಿಕೆಯನ್ನು ಮಡಚಿ ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸುತ್ತಾಳೆ. ನಾನೇ ಓದಿ ಹೇಳಿದ್ದೂ ಉಂಟು. ಅರ್ಧಕ್ಕೇ ಆಕೆಗೆ ನಿದ್ದೆ ಬಂತು. ಎಚ್ಚರಾದ ಮೇಲೆ, "ಇದನ್ನೆಲ್ಲಾ ನೀ ಮೊದಲ ಹೇಳೀಯಲ್ಲೋ ನನಗ" ಎಂದಳು. ಅದೂ ಖರೆ. ನನ್ನ ಪ್ರಬಂಧಗಳಲ್ಲಿ ಅರ್ಧ ಆಕೆ ಹೇಳಿದ್ದು, ಇನ್ನರ್ಧ ಆಕೆಗೆ ನಾನು ಹೇಳಿದ್ದು.

ಅವ್ವ ನನ್ನದೊಂದನ್ನು ತಾನೇ ಓದಬೇಕು ಎಂಬುದು ನನ್ನ ಆಸೆ. ಬರೀ ಓದಿದರೆ ಸಾಲದು, ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ನೋಡಬೇಕು. ಬರೆಯುವವನಿಗೆ ಅದಕ್ಕಿಂತ ದೊಡ್ಡ ಶಾಲು ಸನ್ಮಾನ ಇನ್ನೊಂದಿಲ್ಲ. ಅಕ್ಷರವಿಲ್ಲದ ಚಿತ್ರಕಥೆಯಾದರೆ ಇದು ಸಾಧ್ಯ ಎಂದು ನನಗೆ ಹೊಳೆದದ್ದು ಪರೀಕ್ಷಾ ಕೊಠಡಿಯಲ್ಲಿ, ಹುಡುಗರು ಗಣಿತದ ಉತ್ತರ ಪತ್ರಿಕೆಯ ಅಂಚಿನಲ್ಲಿ ನನ್ನದೇ ಚಿತ್ರ ಬಿಡಿಸುತ್ತಿದ್ದುದನ್ನು ನೋಡುತ್ತಿದ್ದಾಗ.

ಹೀಗೆ ವಿದ್ಯಾರ್ಥಿಯಾದೆ. ಚಿತ್ರಕಥೆ ಎಂದರೆ ಚಿತ್ರ ಬಿಡಿಸುವುದಷ್ಟೇ ಎಂದುಕೊಂಡಿದ್ದೆ. ಅನನ್ಯಾ ಮೊದಲ ಪಾಠದಲ್ಲೇ ಅದನ್ನು ಅಲ್ಲಗಳೆದಳು. ಕಥೆ ನಡೆಯುವುದು ಚೌಕಟ್ಟಿನ ಒಳಗಲ್ಲ, ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಅಂದಳು. ಮೊದಲ ಚಿತ್ರದಲ್ಲಿ ಕೈಯಲ್ಲಿ ಕಲ್ಲು, ಎರಡನೆಯದರಲ್ಲಿ ಒಡೆದ ಕಿಟಕಿ. ಕಲ್ಲು ಒಗೆದದ್ದನ್ನು ಯಾರೂ ಬಿಡಿಸಿಲ್ಲ, ಆದರೂ ಎಲ್ಲರೂ ನೋಡಿದರು. ನಾನು ಆ ಖಾಲಿ ಜಾಗಕ್ಕೆ 'ಓಣಿ' ಎಂದು ಹೆಸರಿಟ್ಟೆ. ಓಣಿಯಲ್ಲಿ ಏನೇನು ನಡೆಯುತ್ತದೆ ಎಂದು ಯಾರೂ ಬರೆದಿಡುವುದಿಲ್ಲ, ಆದರೂ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ನನ್ನ ದೊಡ್ಡ ಕೊರತೆ ಬೆನ್ನು. ಮುಖ ಹೇಗೋ ಬರುತ್ತದೆ. ಎರಡು ಕಣ್ಣು, ಒಂದು ಮೂಗು, ಕೆಳಗೆ ಮೀಸೆ ಇಟ್ಟರೆ ಯಾರಾದರೂ ಒಬ್ಬರಂತೆ ಕಾಣುತ್ತಾರೆ. ಮನುಷ್ಯ ತಿರುಗಿ ನಿಂತನೆಂದರೆ ನನ್ನ ಕೈಯಲ್ಲಿ ಕುಂಬಳಕಾಯಿ ಆಗುತ್ತಾನೆ. "ಪ್ರಾಕ್ಟೀಸ್ ಮಾಡಿ ಸರ್, ಬರುತ್ತೆ" ಎನ್ನುತ್ತಿದ್ದಳು ಅನನ್ಯಾ. ಒಂದು ವಾರ ಗಿರಿಜಾ ರೊಟ್ಟಿ ಬಡಿಯುವಾಗ ಹಿಂದೆ ಕುಳಿತು ಬೆನ್ನು ಅಭ್ಯಾಸ ಮಾಡಿದೆ. ಆಕೆ ಚಿತ್ರ ನೋಡಿದಳು. ಆ ದಿನ ಪಲ್ಯಕ್ಕೆ ಉಪ್ಪಿರಲಿಲ್ಲ. ಅಂದಿನಿಂದ ನನ್ನ ಪಾತ್ರಗಳೆಲ್ಲ ಎಲ್ಲಿಗೇ ಹೋಗಲಿ, ನಮ್ಮ ಕಡೆ ಮುಖ ಮಾಡಿಕೊಂಡೇ ಹೋಗುತ್ತವೆ.

ಅವ್ವನಿಗಾಗಿ ಮಾಡಿದ ಮೊದಲ ಕಥೆ ಹಾಸ್ಯದ್ದು. ಉದ್ದನೆಯ ಹಾಳೆಯಲ್ಲಿ ಒಂದರ ಕೆಳಗೊಂದು ನಾಲ್ಕು ಚೌಕಟ್ಟು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಒಬ್ಬ ಮನುಷ್ಯ, ಕೈಯಲ್ಲಿ ಬಿಸಿ ಮಿರ್ಚಿ ಬಜಿಯ ಪೊಟ್ಟಣ. ಎರಡನೆಯದರಲ್ಲಿ ಒಂದು ನಾಯಿ ಬಂದು ಆಸೆಯಿಂದ ನೋಡುತ್ತದೆ. ಮೂರನೆಯದರಲ್ಲಿ ಈತ ಬಸ್ಸು ಬಂತೇನೋ ಎಂದು ಆ ಕಡೆ ನೋಡುತ್ತಾನೆ. ನಾಲ್ಕನೆಯದರಲ್ಲಿ ಖಾಲಿ ಕಾಗದ, ಪಕ್ಕದಲ್ಲಿ ತುಟಿ ನೆಕ್ಕುತ್ತಿರುವ ನಾಯಿ. ತರಗತಿಯಲ್ಲಿ ಹಾರುವ ಜನರನ್ನು ಬಿಡಿಸುವ ಹುಡುಗರು ಸಹ ನಕ್ಕಿದ್ದರು. ಅದೇ ಧೈರ್ಯದಿಂದ ಭಾನುವಾರ ಹೋಗಿ ಅವ್ವನ ಕೈಗೆ ಕೊಟ್ಟೆ.

ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ನಾನು ನಗುವಿಗಾಗಿ ಕಾಯುತ್ತ ಕುಳಿತೆ.

"ಪಾಪ, ನಾಯಿ ಹಸಿದೈತಿ" ಎಂದಳು. "ಖಾಲಿ ಕಾಗದ ನೆಕ್ಕಾಕತ್ತೈತಿ. ಇವ ನೋಡಿದ್ರ ಬಜಿ ಹಿಡಕೊಂಡು ಕುಂತಾನ. ಮುಂದ?"

"ಮುಂದೇನಿಲ್ಲವ್ವಾ. ಮುಗೀತು."

"ಮುಗೀತಾ? ನಾಯಿಗಿ ಒಂದು ಹಾಕಲಿಲ್ಲೇನು ಆ ಹಾಟ್ಯಾ?"

ನಾನು ಬಸ್ಸು ಹತ್ತಿ ನರಗುಂದಕ್ಕೆ ಬಂದೆ. ಬುಧವಾರ ಎಂಟನೇ ತರಗತಿಯಲ್ಲಿ ತ್ರಿಭುಜ ಹೇಳಿಕೊಡುವಾಗ ಫೋನು ಬಂತು. ಅವ್ವ ಶಾಲೆಯ ಹೊತ್ತಿನಲ್ಲಿ ಫೋನು ಮಾಡುವವಳಲ್ಲ. ಸೀಮೆಸುಣ್ಣ ಹಿಡಿದೇ ಹೊರಗೆ ಓಡಿದೆ.

"ತಮ್ಮಾ, ಆ ನಾಯಿಗಿ ಬಜಿ ಹಾಕಿದಿಯೇನು?"

ನನ್ನ ಚಿತ್ರವೇ ಸರಿಯಿಲ್ಲ, ತುಟಿ ನೆಕ್ಕುವ ನಾಯಿ ಹಸಿದ ನಾಯಿಯಂತೆ ಕಾಣುತ್ತಿದೆ ಎಂದು ತೀರ್ಮಾನಿಸಿದೆ. ನಾಯಿಯ ಹೊಟ್ಟೆಯನ್ನು ದುಂಡಗೆ ಮಾಡಿದೆ. ಅವ್ವನ ಸಮಾಧಾನಕ್ಕೆ ಕೊನೆಯಲ್ಲಿ, ಎಂದರೆ ಎಲ್ಲಕ್ಕಿಂತ ಕೆಳಗೆ, ಇನ್ನೊಂದು ಚೌಕಟ್ಟು ಅಂಟಿಸಿ, ಆ ಮನುಷ್ಯ ಮತ್ತೊಂದು ಪೊಟ್ಟಣ ತಂದು ತಾನೇ ನಾಯಿಗೆ ತಿನ್ನಿಸುವ ಹಾಗೆ ಮಾಡಿದೆ. ಕಲೆಯ ದೃಷ್ಟಿಯಿಂದ ಕಥೆ ಹಾಳಾಯಿತು. ಆಗಲಿ, ಅವ್ವ ಮೆಚ್ಚಿದರೆ ಸಾಕು ಎಂದುಕೊಂಡೆ.

ಮುಂದಿನ ಭಾನುವಾರ ಅವ್ವ ಅದನ್ನು ಹಿಡಿದು ಇನ್ನೂ ಹೆಚ್ಚು ಹೊತ್ತು ನೋಡಿದಳು.

"ಅಲ್ಲೋ, ಮೊದಲಿಗೇ ಹೊಟ್ಟಿತುಂಬ ತಿನಿಸ್ಯಾನ. ಮತ್ತ ಹಿಂಗ ಆಸಿಬುರುಕರಂಗ ನೋಡಾಕತ್ತೈತಿ. ಇಂಥಾ ನಾಯಿಗಿ ಹಾಕಬಾರದು ಬಿಡು."

ನಾಯಿಯ ಮೇಲೆ ಆಕೆಗಿದ್ದ ಅಂತಃಕರಣವೂ ಹೋಯಿತು. ನನಗೆ ಸಿಟ್ಟು ಬಂತು. ಸಿಟ್ಟು ಅವ್ವನ ಮೇಲೋ ನಾಯಿಯ ಮೇಲೋ ಎಂಬುದು ಸ್ಪಷ್ಟವಿರಲಿಲ್ಲ. "ಎಲ್ಲೈತಿ ಹಂಗ? ತೋರಿಸು ನನಗ" ಎಂದೆ. ಅವ್ವ ತೋರುಬೆರಳನ್ನು ಹಾಳೆಯ ಮೇಲಿಟ್ಟಳು. ಎಲ್ಲಕ್ಕಿಂತ ಕೆಳಗಿನ ಚೌಕಟ್ಟಿನ ಮೇಲೆ. ಅಲ್ಲಿಂದ ಒಂದೊಂದೇ ಚೌಕಟ್ಟು ಮೇಲಕ್ಕೆ ಹತ್ತುತ್ತ ಹೋದಳು.

ಗಣಿತದಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ಎರಡು ಪುಟ ಲೆಕ್ಕ ಮಾಡಿದ ಮೇಲೆ, ಮೊದಲ ಸಾಲಿನಲ್ಲೇ ಚಿಹ್ನೆ ತಪ್ಪು ಹಾಕಿದ್ದು ಕಾಣುತ್ತದೆ. ನಾನು ಆಕೆಯ ಬೆರಳು ನೋಡುತ್ತ ಕುಳಿತೆ. ಆ ಬೆರಳು ಹಾಗೆ ಹತ್ತುವುದನ್ನು ನಾನು ಸಣ್ಣಂದಿನಿಂದ ನೋಡಿದ್ದೇನೆ.

ನಮ್ಮದು ಕುಣಿಮಗ್ಗ. ಮನೆಯ ನಡುವಿನ ಕುಣಿಯಲ್ಲಿ ಕಾಲಿಳಿಬಿಟ್ಟು ಅಪ್ಪ ಕುಳಿತಿರುತ್ತಿದ್ದ. ಮನೆ ತುಂಬ ನೂಲಿಗೆ ಹಾಕುವ ಗಂಜಿಯ ವಾಸನೆ. ಲಾಳಿ ಓಡಾಡುವ ಸದ್ದು ನಿಂತರೆ ತೊಟ್ಟಿಲಲ್ಲಿದ್ದ ತಮ್ಮ ಎದ್ದು ಅಳುತ್ತಿದ್ದ, ಸದ್ದು ಶುರುವಾದರೆ ಮಲಗುತ್ತಿದ್ದ. ಸೆರಗಿನಲ್ಲಿ ಹೂವೋ ನವಿಲೋ ಬರುವುದಿದ್ದರೆ, ಚೌಕಳಿ ಹಾಳೆಯ ಮೇಲೆ ಅದರ ನಕ್ಷೆ ಇರುತ್ತಿತ್ತು. ಬಣ್ಣ ತುಂಬಿದ ಮನೆಗಳಷ್ಟು ಎಳೆ ಎತ್ತಬೇಕು, ಖಾಲಿ ಮನೆಗಳಷ್ಟು ಬಿಡಬೇಕು. ಅಪ್ಪನ ಎರಡೂ ಕೈಗೆ ಕೆಲಸ. ಆದ್ದರಿಂದ ನಕ್ಷೆಯನ್ನು ಅವ್ವ ಹಿಡಿದು ಓದುತ್ತಿದ್ದಳು. "ಎರಡು ಬಿಡ್ರಿ, ಮೂರು ಎತ್ರಿ, ಒಂದು ಬಿಡ್ರಿ." ಹಾಡಿನ ಹಾಗೆ. ಬೆರಳು ಕೆಳಗಿನ ಸಾಲಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತಿತ್ತು. ಮಗ್ಗದ ಮೇಲೆ ಮೊದಲು ನೇಯ್ದದ್ದು ನೇಕಾರನ ಹೊಟ್ಟೆಯ ಹತ್ತಿರ ಇರುತ್ತದೆ, ಆಮೇಲಿನದು ಅದರ ಆಚೆಗೆ. ಹೂವಿನ ತೊಟ್ಟು ಮೊದಲು, ಎಸಳು ಆಮೇಲೆ. ನವಿಲಿನ ಕಾಲು ಮೊದಲು, ಜುಟ್ಟು ಕೊನೆಗೆ. ಅವ್ವನಿಗೆ ಓದಲು ಬರುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ, ಅದನ್ನು ತಿದ್ದಿಕೊಳ್ಳಿ. ಆಕೆ ವರ್ಷಾನುಗಟ್ಟಲೆ ದಿನವೂ ಓದಿದವಳು.

ನಾನೂ ಹಾಗೇ ಇದ್ದೆ. ಸಾಲಿಗೆ ಹೋದ ಮೊದಲ ದಿನ ಪಾಟಿಯ ತಳದಲ್ಲಿ 'ಅ' ಬರೆದು, ಅದರ ಮೇಲೆ 'ಆ' ಬರೆದು, ಬಹಳ ಅಚ್ಚುಕಟ್ಟಾಗಿ ಮೇಲಕ್ಕೆ ಹೊರಟಿದ್ದೆ. ಮಾಸ್ತರು ಕಿವಿ ಹಿಡಿದು ತಿರುವಿದರು. ಒಂದೇ ದಿನದಲ್ಲಿ ನನ್ನ ಜಗತ್ತು ಮೇಲಿನಿಂದ ಶುರುವಾಯಿತು. ಅವ್ವನ ಕಿವಿ ಹಿಡಿಯಲು ಯಾರೂ ಬರಲಿಲ್ಲ.

ಗುಟ್ಟು ತಿಳಿದ ಮೇಲೆ ಉಳಿದದ್ದು ಕತ್ತರಿಯ ಕೆಲಸ. ಬಜಿಯ ಕಥೆಯನ್ನು ಕತ್ತರಿಸಿ, ತಿನ್ನಿಸುವ ಚೌಕಟ್ಟನ್ನು ತೆಗೆದುಹಾಕಿ, ಕೆಳಗಿನಿಂದ ಮೇಲಕ್ಕೆ ಅಂಟಿಸಿಕೊಂಡು ಹೋದೆ. ಈ ಸಲ ನಗುವುದು ಖಂಡಿತ ಎಂದು ಗಿರಿಜಾಳಿಗೂ ಹೇಳಿಬಿಟ್ಟಿದ್ದೆ.

ಅವ್ವ ನೋಡಿದಳು. "ಹಾಂ. ನಾಯಿ ತಿಂತು" ಎಂದಳು.

"ನಗು ಬರಲಿಲ್ಲೇನು?"

"ನಾಯಿ ತಿನ್ನೂದ್ರಾಗ ನಗೂದೇನೈತೋ? ಮೊದಲ ತಂದದ್ದು ಚಲೋ ಇತ್ತು."

ಆ ಹಾಳೆಯೂ ಭರಣಿಯ ಕೆಳಗೆ ಹೋಯಿತು. ಮಗ ಹೊಟ್ಟೆ ತುಂಬ ಉಂಡನೇ ಇಲ್ಲವೇ ಎಂದು ತಾಯಿ ಕಾಯುವ ಹಾಗೆ ನಾನು ಆಕೆ ಕಥೆ ಉಂಡಳೇ ಎಂದು ಕಾಯುತ್ತಿದ್ದೆ. ಆಕೆ ಬಡಿಸಿದ್ದನ್ನು ನೋಡಿ ಎದ್ದುಬಿಡುತ್ತಿದ್ದಳು. ನನಗೆ ನಿಜಕ್ಕೂ ಬೇಜಾರಾಯಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ರಾಜೂರಿನವರೊಬ್ಬರು, ಯಾರೋ ತೀರಿಕೊಂಡಿರಬೇಕು ಎಂದು ತಿಳಿದು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಅಷ್ಟರಲ್ಲಿ ತರಗತಿಯ ಕೊನೆಯ ಅಭ್ಯಾಸ ಬಂತು. "ಒಬ್ಬರು ಬಿಟ್ಟು ಹೋಗೋದನ್ನ ಮಾತಿಲ್ಲದೆ ಹೇಳಿ" ಎಂದಳು ಅನನ್ಯಾ. ಹುಡುಗರು ತಮ್ಮ ಪಾತ್ರಗಳನ್ನು ಬಾಹ್ಯಾಕಾಶ ನೌಕೆ ಹತ್ತಿಸತೊಡಗಿದರು. ನನಗೆ ಗೊತ್ತಿದ್ದ ಹೋಗುವಿಕೆ ಒಂದೇ.

ಅಪ್ಪ ಅಂದು ಬೆಳಿಗ್ಗೆ ನೇಯುತ್ತಿದ್ದವನು ಲಾಳಿ ಕೆಳಗಿಟ್ಟ. "ಎದಿ ಹಿಡದಂಗ ಆಗೇತಿ. ರೋಣದ ದವಾಖಾನಿಗಿ ತೋರಿಸ್ಕೊಂಡು ಲಗೂ ಬರ್ತೀನಿ" ಎಂದ. ಟೊಪ್ಪಿಗೆ ಹಾಕಿಕೊಂಡ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ. ಓಣಿ ದಾಟಿ ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋದ. ಬರುವಾಗ ಬಸ್ಸಿನಲ್ಲಿ ಬರಲಿಲ್ಲ, ನಾಲ್ವರು ಎತ್ತಿಕೊಂಡು ತಂದರು. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ಈಗ ಮಗ್ಗವೂ ಇಲ್ಲ. ಕುಣಿ ಮುಚ್ಚಿಸಿ, ಮೇಲೆ ಟೈಲ್ಸ್ ಹಾಕಿಸಿ, ತಮ್ಮ ಅದೇ ಜಾಗದಲ್ಲಿ ಅವ್ವನ ಮಂಚ ಹಾಕಿಸಿದ್ದಾನೆ.

ಒಂದರ ಕೆಳಗೊಂದು ಚೌಕಟ್ಟು ಎಳೆದೆ. ಲಾಳಿ ಹಿಡಿದು ಮಗ್ಗದಲ್ಲಿ ಕುಳಿತ ಅಪ್ಪ. ಬಾಗಿಲಲ್ಲಿ ಚಪ್ಪಲಿಯ ಹತ್ತಿರ ಅಪ್ಪ. ಓಣಿಯಲ್ಲಿ ಅಪ್ಪ, ಹಿಂದೆ ಕೋಟೆಯ ಗುಡ್ಡ. ಬಸ್ಸಿನ ಮೆಟ್ಟಿಲ ಮೇಲೆ ಅಪ್ಪ. ಎಲ್ಲಕ್ಕಿಂತ ಕೆಳಗೆ ಖಾಲಿ ಮಗ್ಗ. ಬೇರೆಯವರ ಮುಖ ಬಿಡಿಸುವಾಗ ಮೀಸೆ ಯಾರಿಗಾದರೂ ಹೊಂದುತ್ತದೆ. ಇದರಲ್ಲಿ ಅಪ್ಪನ ಮುಖವನ್ನು ಎಷ್ಟು ಸಲ ಅಳಿಸಿದೆನೋ, ಕಾಗದ ತೂತು ಬೀಳುವುದೊಂದು ಬಾಕಿ.

ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಅನನ್ಯಾ ಶನಿವಾರ ಅದನ್ನು ಎಲ್ಲರಿಗೂ ತೋರಿಸಿದಳು. ನಂತರ ಸಂಕೋಚದಿಂದಲೇ ಹೇಳಿದಳು. "ತುಂಬಾ ಚೆನ್ನಾಗಿದೆ ಸರ್. ಆದ್ರೆ ಒಂದೇ ಒಂದು. ಹೋಗೋ ಮನುಷ್ಯ ಬೆನ್ನು ತೋರಿಸ್ಬೇಕು. ಇವರು ಎಲ್ಲಾ ಕಡೆ ನಮ್ಮ ಕಡೆಗೇ ಮುಖ ಮಾಡಿದ್ದಾರೆ. ವಾಪಸ್ ಬರ್ತಿರೋ ಥರ ಕಾಣ್ತಾರೆ."

ಆಕೆ ಹೇಳಿದ್ದು ಸರಿಯೇ. ಅಪ್ಪನನ್ನು ಕುಂಬಳಕಾಯಿ ಮಾಡಲು ನನಗೆ ಕೈ ಬರಲಿಲ್ಲ ಎಂದು ತರಗತಿಯಲ್ಲಿ ಹೇಗೆ ಹೇಳುವುದು? "ತಿದ್ದುತ್ತೇನೆ ಮೇಡಂ" ಎಂದೆ. ತಿದ್ದಲು ಮನಸ್ಸಾಗದೆ ಹಾಳೆಯನ್ನು ಸುತ್ತಿ ಚೀಲದಲ್ಲಿಟ್ಟೆ. ಅವ್ವನಿಗೆ ತೋರಿಸುವ ವಿಚಾರ ಖಂಡಿತ ಇರಲಿಲ್ಲ. ಆಕೆಯನ್ನು ನಗಿಸಲು ಹೊರಟವನು ಇದನ್ನು ಯಾಕೆ ಹಿಡಿದುಕೊಂಡು ಹೋಗಲಿ?

ಮರುದಿನ ಮಧ್ಯಾಹ್ನ ಗಜೇಂದ್ರಗಡದಲ್ಲಿ ಅವ್ವ ಮಂಚದ ಮೇಲೆ ಕುಳಿತು, ಎಂದಿನಂತೆ ನಾನು ತರುವ ತನ್ನ ಬಿ.ಪಿ. ಗುಳಿಗಿಗಾಗಿ ನನ್ನ ಚೀಲಕ್ಕೆ ಕೈ ಹಾಕಿದಳು. ಗುಳಿಗಿ ಬಂತು, ಅದರ ಜೊತೆ ನಾನು ಮರೆತಿದ್ದ ಹಾಳೆಯೂ ಬಂತು.

"ಮತ್ತ ನಾಯಿ ತಗದೀಯೇನು?"

"ಅದನ್ನ ಬಿಡವ್ವಾ, ಅದು ಸಾಲಿದು" ಎನ್ನುವಷ್ಟರಲ್ಲಿ ಬಿಚ್ಚಿದ್ದಳು. ಕನ್ನಡಕ ಏರಿಸಿದಳು. ಬೆರಳು ಕೆಳಗೆ ಹೋಯಿತು.

"ಮಗ್ಗ ಖಾಲಿ ಐತಿ" ಎಂದಳು.

ಬೆರಳು ಒಂದು ಮನೆ ಹತ್ತಿತು. ಅವ್ವನ ದನಿ ಸಣ್ಣದಾಯಿತು.

"ಬಸ್ಸ ಬಂತು. ಇಳದ್ರು." ಇನ್ನೊಂದು ಮನೆ. "ನಮ್ಮ ಓಣ್ಯಾಗ ಬರಾಕತ್ತಾರ." ಮತ್ತೊಂದು. "ಬಾಗಲದಾಗ ಚಪ್ಲಿ ಬಿಟ್ರು."

ಬೆರಳು ಎಲ್ಲಕ್ಕಿಂತ ಮೇಲಿನ ಚೌಕಟ್ಟಿಗೆ ಹೋಗಿ ನಿಂತಿತು. ಅಲ್ಲಿ ಅಪ್ಪ ಲಾಳಿ ಹಿಡಿದು ಕುಳಿತಿದ್ದ.

"ಕುಂತ್ರು ನೋಡು" ಎಂದಳು ಅವ್ವ.

ಬಾಯಿಮುಚ್ಚಿಕೊಂಡು ಇರಬೇಕಾಗಿತ್ತು. ಆದರೆ ಇಪ್ಪತ್ತೈದು ವರ್ಷ ಹುಡುಗರ ಉತ್ತರ ತಿದ್ದಿದ ನಾಲಿಗೆ ಸುಮ್ಮನಿರುತ್ತದೆಯೇ? "ಅವ್ವಾ, ಇದನ್ನ ಮ್ಯಾಲಿಂದ ಕೆಳಗ ನೋಡಬೇಕು" ಎಂದುಬಿಟ್ಟೆ.

ಅವ್ವ ನನ್ನ ಮುಖ ನೋಡಿದಳು. ಹೇಳಿದ ಹಾಗೆ ಬೆರಳನ್ನು ಮೇಲಿಟ್ಟು, ಒಂದೊಂದೇ ಮನೆ ಇಳಿಸುತ್ತ ಬಂದಳು. ಈ ಸಲ ಏನೂ ಮಾತಾಡಲಿಲ್ಲ. ಖಾಲಿ ಮಗ್ಗದ ಹತ್ತಿರ ಬಂದು ಬೆರಳು ನಿಂತಿತು.

"ಹೌದು. ಇದು ಗೊತ್ತೈತಲ್ಲೋ ನನಗ" ಎಂದಳು. "ಇದನ್ನ ನೋಡಾಕ ಚಿತ್ರ ಯಾಕ ಬೇಕು?"

ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಬೆರಳು ಇನ್ನೂ ಅಲ್ಲೇ, ಎಲ್ಲಕ್ಕಿಂತ ಕೆಳಗಿನ ಮನೆಯ ಮೇಲೇ ಇತ್ತು.

"ಮಗ್ಗ ಖಾಲಿ ಐತಿ" ಎಂದು ಮತ್ತೆ ಶುರು ಮಾಡಿದಳು.